ಹೆಣ ಎಂಬ ಮಾತು

"ಗುರುಗಳೇ, ಹೆಣ ಎಂಬ ಮಾತು ಎಲ್ಲಿಂದ ಬಂತು?"

ಚರಂತಯ್ಯ ಹೀಗೆ ಕೇಳಿದಾಗ ಗುರುಗಳು ಮಧ್ಯಾಹ್ನದ ಪ್ರಸಾದ ಮುಗಿಸಿ ಮಠದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಉಂಡ ಕೈ ಆರುವ ಮೊದಲೇ ಕೇಳುವಂಥ ಮಾತಲ್ಲ ಅದು. ಆದರೂ ಅವರು ಬೇಸರಿಸಲಿಲ್ಲ.

"ಕೋಶ ನೋಡಿದೆಯಾ?" ಎಂದರು.

"ನೋಡಿದೆ. ಹಳಗನ್ನಡದಲ್ಲಿ ಅದು ಪೆಣ. ತಮಿಳಿನಲ್ಲೂ ತೆಲುಗಿನಲ್ಲೂ ಅದರ ನಂಟಿನ ಮಾತುಗಳಿವೆ. ಕಳೇಬರವೆಂದರೂ ನಮಗೆ ಹೆಣವೇ. ಸಂಸ್ಕೃತದಲ್ಲಾದರೆ ಅದು ಬರಿಯ ಮೈ, ಬದುಕಿರುವವನ ಮೈಯೂ ಹೌದು. ಬದುಕಿರುವವನ ಮೈಗಿದ್ದ ಹೆಸರು ಸತ್ತವನಿಗೆ ಯಾವಾಗ ಅಂಟಿಕೊಂಡಿತು? ಪೆಣಕ್ಕೂ ಹಿಂದೆ ಏನಿತ್ತು? ನಾನು ನೋಡಿದ ಕೋಶದಲ್ಲಿ ಇಲ್ಲ."

"ಒಂದು ಮಾತಿಗಾಗಿ ಇಷ್ಟು ತಲೆ ಕೆಡಿಸಿಕೊಂಡೆಯಾ? ಕಣ್ಣು ಒಳಗೆ ಹೋಗಿವೆಯಲ್ಲೋ" ಎಂದು ಗುರುಗಳು ನಕ್ಕರು.

ಚರಂತಯ್ಯನಿಗೆ ನಗು ಬರಲಿಲ್ಲ. ಕೇಳಿದ್ದು ಪಂಡಿತರ ಪ್ರಶ್ನೆ, ಮನಸ್ಸಿನಲ್ಲಿದ್ದುದು ಬೇರೆ. ಮಠದ ಹಿರಿಯರಾದ ಮಹಾಂತಯ್ಯನವರು ಲಕ್ವ ಹೊಡೆದು ಹಾಸಿಗೆ ಹಿಡಿದು ಐದು ತಿಂಗಳಾಗಿತ್ತು. ಕೈಕಾಲು ಆಡುತ್ತಿರಲಿಲ್ಲ, ಮಾತು ನಿಂತಿತ್ತು. ಚರಂತಯ್ಯನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವರು ಅವರೇ. ಈಗ ಅವರನ್ನು ತೊಳೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಅವನ ಪಾಲಿಗೆ ಬಂದಿತ್ತು. ಮೊದಮೊದಲು ಭಕ್ತಿಯಿಂದಲೇ ಮಾಡಿದ. ಬರಬರುತ್ತ ಯಾಕೆ ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳುವುದನ್ನೂ ಬಿಟ್ಟ. ಅಷ್ಟು ದಣಿದಿದ್ದ.

ನಿನ್ನೆ ಬೆಳಿಗ್ಗೆ ಮಗ್ಗುಲು ಬದಲಿಸುವಾಗ ಅವನ ಸೊಂಟ ಹಿಡಿದುಕೊಂಡಿತು. "ಥೂ, ಹೆಣಭಾರ!" ಎಂದು ಬಾಯಿಂದ ಬಂದುಬಿಟ್ಟಿತು. ಮೂಟೆ ಎತ್ತುವವರು ದಿನಕ್ಕೆ ಹತ್ತು ಸಲ ಆಡುವ ಮಾತು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ನಿನ್ನೆ ಮಧ್ಯಾಹ್ನದಿಂದ ಮುದುಕರು ಗಂಜಿಗೆ ಬಾಯಿ ತೆರೆದಿರಲಿಲ್ಲ. ಇನ್ನು ಒಳಗೆ ಏನೂ ಉಳಿದಿಲ್ಲ, ಉಸಿರಾಡುತ್ತಿರುವುದು ಬರಿಯ ಮೈ ಎಂದು ಚರಂತಯ್ಯನಿಗೆ ಅನಿಸಿತು. ಗುರುಗಳ ಬಾಯಿಂದಲೂ ಅದು ಹೆಣವೇ ಎಂಬ ಮಾತು ಬಂದರೆ ಆ ಕೋಣೆಯಿಂದ ತನಗೆ ಬಿಡುಗಡೆ. ನೇರವಾಗಿ ಕೇಳಲು ನಾಚಿಕೆಯಾಗಿ ಕೋಶದ ದಾರಿ ಹಿಡಿದು ಬಂದಿದ್ದ.

"ಕೋಶ ಬರೆದವರು ತಮಗೆ ಗೊತ್ತಿದ್ದಷ್ಟು ಬರೆದಿದ್ದಾರೆ. ನನಗೆ ಗೊತ್ತಿರುವುದು ಒಂದು ಕತೆ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಅವನಿಗೊಬ್ಬ ಅಣ್ಣ. ತಾಯಿತಂದೆ ಇಲ್ಲದ ಮನೆಯಲ್ಲಿ ಅಣ್ಣನೇ ತಮ್ಮನನ್ನು ಸಾಕಿದ್ದ, ಮಣ್ಣು ಹದ ಮಾಡಿ ತಿಗರಿ ತಿರುಗಿಸುವುದನ್ನು ಕಲಿಸಿದ್ದ. ಆ ಅಣ್ಣನಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಕಾಲುಗಳ ಶಕ್ತಿ ಹೋಯಿತು. ಹೊಳೆಯಾಚೆಯ ಊರಲ್ಲಿ ಒಬ್ಬ ವೈದ್ಯನಿದ್ದಾನೆ, ಎಣ್ಣೆ ತಿಕ್ಕಿ ಎದ್ದು ನಿಲ್ಲಿಸುತ್ತಾನೆ ಎಂದು ಯಾರೋ ಹೇಳಿದರು. ಗಾಡಿ ಹೋಗುವ ದಾರಿಯಲ್ಲ ಅದು. ಕುಂಬಾರ ಕಂಬಳಿಯಲ್ಲಿ ಜೋಲಿ ಕಟ್ಟಿ ಅಣ್ಣನನ್ನು ಬೆನ್ನಿಗೆ ಹಾಕಿಕೊಂಡು ನಸುಕಿನಲ್ಲೇ ಹೊರಟ.

ಅಣ್ಣನ ಕಾಲು ಹೋಗಿದ್ದರೂ ಕೈ ಗಟ್ಟಿಯಿದ್ದವು. ತಮ್ಮನ ಹೆಗಲನ್ನು ಭದ್ರವಾಗಿ ಹಿಡಿದು, ಮೈಯನ್ನು ಮೇಲಕ್ಕೆ ಎಳೆದುಕೊಂಡು ಕುಳಿತಿದ್ದ. ತಮ್ಮನು ತಲೆ ಬಗ್ಗಿಸಿ ನಡೆದರೆ ಅಣ್ಣ ಅವನ ಹೆಗಲ ಮೇಲಿಂದ ದಾರಿ ನೋಡುತ್ತಿದ್ದ. ಎಡಕ್ಕೆ ಮುಳ್ಳಿದೆ, ಮುಂದೆ ತಗ್ಗಿದೆ ಎಂದು ಹೇಳುತ್ತಿದ್ದ. ನಡುನಡುವೆ ಹಳೆಯ ಮಾತು ತೆಗೆದು ನಗಿಸುತ್ತಿದ್ದ. ಹಾಗೆ ಎರಡು ಹರದಾರಿ ಸಾಗಿದ್ದು ತಮ್ಮನಿಗೆ ಗೊತ್ತೇ ಆಗಲಿಲ್ಲ.

ಮೂರನೆಯ ಹರದಾರಿಯಲ್ಲಿ ಏರು ಬಂತು. ಬಿಸಿಲೂ ಏರಿತ್ತು. ಕುಂಬಾರನ ಬೆನ್ನು ಬಾಗಿತು. ಅಣ್ಣನೆಂದರೆ ಅವನಿಗೆ ಪ್ರಾಣ. ಆದರೆ ಆ ಹೊತ್ತಿಗೆ ಅವನಿಗೆ ಬೆನ್ನೊಂದೇ ನೆನಪಿತ್ತು. "ಯಣ್ಣಾ, ಹೆಣಭಾರ ಆಗೀಯಲ್ಲೋ!" ಎಂದುಬಿಟ್ಟ.

ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ಅಣ್ಣನ ಹಿಡಿತ ಸಡಿಲಾಯಿತು. ದಾರಿ ಹೇಳುವುದು ನಿಂತಿತು. ಹಿಡಿದುಕೊಂಡವನ ಭಾರ ಒಂದು, ಹಿಡಿತ ಬಿಟ್ಟವನ ಭಾರವೇ ಬೇರೆ. ಜೋಲಿ ಕೆಳಕ್ಕೆ ಜಗ್ಗಿತು. ತಮ್ಮ ಮುಳ್ಳು ತುಳಿದ, ತಗ್ಗಿನಲ್ಲಿ ಮುಗ್ಗರಿಸಿದ. ಅಣ್ಣನಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡ. ಇಳಿಸಿ ನೋಡುವಷ್ಟು, ಮಾತಾಡಿಸುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಹೇಗಾದರೂ ಹೊಳೆ ಮುಟ್ಟಿದರೆ ಸಾಕಾಗಿತ್ತು.

ಹೊಳೆ ಮುಟ್ಟಿದಾಗ ಹೊತ್ತು ವಾಲಿತ್ತು. ದಡದಲ್ಲಿದ್ದ ಅಂಬಿಗ ಜೋಲಿಯನ್ನು ನೋಡಿ ಹರಗೋಲಿಗೆ ಕೈ ಅಡ್ಡ ಹಿಡಿದ.

"ಹರಗೋಲಿನಾಗ ಹೆಣ ಹಾಕಂಗಿಲ್ಲಪಾ."

ಕುಂಬಾರನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೆಣ ಅನಬ್ಯಾಡ! ಇಂವ ನಮ್ಮಣ್ಣ!" ಎಂದು ಕೂಗಿದ. ಕೂಗುತ್ತಲೇ ಜೋಲಿ ಇಳಿಸಿ ಅಣ್ಣನ ಗಲ್ಲ ಮುಟ್ಟಿದ. ಅಷ್ಟು ಬಿಸಿಲಿನಲ್ಲೂ ಮೈ ತಣ್ಣಗಾಗಿತ್ತು. ಅವನು ಮರಳಿನ ಮೇಲೆ ಕುಸಿದು ಅತ್ತ. ಅಂಬಿಗನ ಬಾಯಿಂದ ಕೇಳಿದ ಆ ಒಂದು ಮಾತು ಅವನನ್ನು ಸಾವಿಗಿಂತ ಹೆಚ್ಚು ಸುಟ್ಟಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೇಳಿ ಹೇಳಿ ಅವರಿಗೂ ಆಯಾಸವಾಗಿತ್ತು. ಚರಂತಯ್ಯ ಕತೆ ಇನ್ನೂ ಇದೆಯೇನೋ ಎಂದು ಕಾದ. ಕೇಳಬಾರದೆಂದರೂ ಕೇಳದೆ ಇರಲಾಗಲಿಲ್ಲ.

"ಅಣ್ಣನ ಉಸಿರು ನಿಂತದ್ದು ಎಲ್ಲಿ, ಗುರುಗಳೇ?"

"ಉಸಿರು ಎಲ್ಲಿ ನಿಂತಿತೋ ಯಾರೂ ಕಾಣಲಿಲ್ಲ, ಆದರೆ ಹೆಣ ಎಂಬ ಮಾತು ಹುಟ್ಟಿದಾಗ ಅದನ್ನು ಕಿವಿಯಾರೆ ಕೇಳುವುದಕ್ಕೆ ಅಣ್ಣ ಇನ್ನೂ ಬದುಕಿದ್ದ."

ಚರಂತಯ್ಯ ಎದ್ದು ಮಹಾಂತಯ್ಯನವರ ಕೋಣೆಯತ್ತ ನಡೆದ.