ಕೆಮ್ಮಿಗೊಂದು ಸನ್ನದು

"ಮೇಷ್ಟ್ರೇ, ದಿನವಿಡೀ 'ಇದು ಹೊಸದಲ್ಲ, ಇದು ನಿನ್ನದಲ್ಲ' ಎಂದು ಬರೆಯುವವಳು ಯಾರಿಗೆ ಉಪಕಾರ ಮಾಡಿದ ಹಾಗಾಯಿತು?" ಎಂದು ಮಂದಾಕಿನಿ ಕೇಳಿದಳು.

ಅವಳು ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೊಸ ಉಪಾಯವೊಂದನ್ನು ಕಂಡುಹಿಡಿದಿದ್ದೇನೆ, ಅದರ ಹಕ್ಕು ನನಗೆ ಕೊಡಿ ಎಂದು ಯಾರಾದರೂ ಅರ್ಜಿ ಹಾಕಿದರೆ, ಹಳೆಯ ಕಾಗದಗಳನ್ನೆಲ್ಲ ಜಾಲಾಡಿ ಅದು ನಿಜವಾಗಿ ಹೊಸದೇ ಅಲ್ಲವೇ ಎಂದು ಹೇಳುವುದು ಅವಳ ಕೆಲಸ. ಗುರುಶಾಂತಯ್ಯ ಅದೇ ಕೆಲಸವನ್ನು ಮೂವತ್ತು ವರ್ಷ ಮಾಡಿ ನಿವೃತ್ತರಾದವರು. ಅವಳಿಗೆ ಕೆಲಸ ಕಲಿಸಿದವರೂ ಅವರೇ. ತೊಡಕು ಬಂದಾಗ ಅವಳು ಅವರ ಮನೆಗೆ ಹೋಗುತ್ತಿದ್ದಳು.

ಈ ಸಲ ಅವಳ ಮುಂದಿದ್ದದ್ದು ಮಲಗಿರುವ ಮೊಬೈಲುಗಳ ಅರ್ಜಿ. ಯಾರೂ ಬಳಸದೆ ಜೇಬಿನಲ್ಲಿ ಬಿದ್ದಿರುವ ಫೋನು ಬ್ಯಾಟರಿ ಉಳಿಸಲು ಮಲಗಿರುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಎದ್ದು, ಟವರ್ ನನ್ನನ್ನು ಕರೆಯಿತೇ ಎಂದು ಕಿವಿಗೊಡುತ್ತದೆ. ಒಂದೇ ಹೊತ್ತಿಗೆ ಏಳುವ ಫೋನುಗಳು ನೂರಾರು. ಕರೆ ಬಂದಿರುವುದು ಒಂದಕ್ಕೆ. ಮಿಕ್ಕವು ಸುಮ್ಮನೆ ಎದ್ದು ಸುಮ್ಮನೆ ಮಲಗುತ್ತವೆ, ಅಷ್ಟರಮಟ್ಟಿಗೆ ಬ್ಯಾಟರಿ ದಂಡ. ಕರೆಗೆ ಮೊದಲು ಗಾಳಿಯಲ್ಲಿ ಒಂದು ಪುಟ್ಟ ಸೂಚನೆ ಕಳಿಸಿದರೆ ಸಂಬಂಧವಿಲ್ಲದವು ಏಳಬೇಕಾಗಿಲ್ಲ ಎನ್ನುವುದು ಅರ್ಜಿದಾರನ ಉಪಾಯ. ಮಂದಾಕಿನಿ ಮೂರು ವಾರ ಹುಡುಕಿ, ಅಂಥದೇ ಸೂಚನೆ ಇದ್ದ ಹಳೆಯ ಬರಹವೊಂದನ್ನು ಹಿಡಿದಿದ್ದಳು. ಅರ್ಜಿ ತಿರಸ್ಕರಿಸುವ ವರದಿ ಬರೆದಾಗಿತ್ತು. ಕಳಿಸುವುದೊಂದು ಬಾಕಿ. ಕಳಿಸಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

ಗುರುಶಾಂತಯ್ಯ ಅರ್ಜಿಯನ್ನೂ ವರದಿಯನ್ನೂ ಕೊನೆಯವರೆಗೆ ಓದಿದರು. ಅವಳ ಕೈಗೆ ಹಿಂದಿರುಗಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಪರೀಕ್ಷಕನಿದ್ದ. ಆ ರಾಜ್ಯದಲ್ಲಿ ಯಾರಾದರೂ ಜನರಿಗೆ ಉಪಯೋಗವಾಗುವ ಹೊಸ ಉಪಾಯ ಕಂಡುಹಿಡಿದರೆ ಅರಸ ಅವರಿಗೆ ಸನ್ನದು ಬರೆಸಿಕೊಡುತ್ತಿದ್ದ. ಸನ್ನದು ಸಿಕ್ಕಿದರೆ ಹನ್ನೆರಡು ವರ್ಷ ಆ ಉಪಾಯ ಅವರದು. ಬೇರೆಯವರು ಬಳಸಬೇಕಾದರೆ ಅವರ ಅಪ್ಪಣೆ ಪಡೆಯಬೇಕು. ಉಪಾಯ ಹಳೆಯದಾದರೆ ಸನ್ನದಿಲ್ಲ. ಹಳೆಯದೋ ಹೊಸದೋ ಎಂದು ಅರಸನಿಗೆ ಹೇಳುವವನೇ ಈ ಪರೀಕ್ಷಕ.

ಅವನು ಕೆಟ್ಟವನಲ್ಲ, ಅಂಜುಬುರುಕ. ಹಿಂದೊಮ್ಮೆ ಒಬ್ಬ ವ್ಯಾಪಾರಿಗೆ, ವೀಳ್ಯದೆಲೆ ಬಾಡದಂತೆ ಬಾಳೆಪಟ್ಟೆಯಲ್ಲಿ ಸುತ್ತಿಡುವ ಉಪಾಯಕ್ಕೆ ಸನ್ನದು ಕೊಡಿಸಿದ್ದ. ಆರು ತಿಂಗಳಾದ ಮೇಲೆ ಒಬ್ಬ ಮುದುಕಿ ಎಲೆ ಮೆಲ್ಲುತ್ತಲೇ ಆಸ್ಥಾನಕ್ಕೆ ಬಂದು, ಇದನ್ನು ನಮ್ಮಜ್ಜಿ ಮಾಡುತ್ತಿದ್ದಳು ಎಂದಳು. ಸಭೆಗೆ ಸಭೆಯೇ ನಕ್ಕಿತು. ಅಂದಿನಿಂದ 'ಕೊಡಿ' ಎಂದು ಅವನು ಬರೆದದ್ದೇ ಅಪರೂಪ. 'ಬೇಡ' ಎಂದು ಬರೆದ ದಿನ ಮಾತ್ರ ಅವನಿಗೆ ಊಟ ಸೇರುತ್ತಿತ್ತು. ಬೇಡ ಎಂದವನನ್ನು ನೋಡಿ ಯಾರೂ ನಗುವುದಿಲ್ಲವಲ್ಲ.

ಅವನ ಮುಂದೆ ಒಬ್ಬ ನೀರುಗಂಟಿಯ ಅರ್ಜಿ ಬಂತು. ಕೆರೆಯ ತೂಬು ತೆಗೆದು ಯಾರ ಹೊಲಕ್ಕೆ ಯಾವಾಗ ನೀರು ಬಿಡಬೇಕೋ ಬಿಡುವವನು ನೀರುಗಂಟಿ. ಅವನು ನೀರು ಬಿಟ್ಟಾಗ ಹೊಲದವನು ಗುದ್ದಲಿ ಹಿಡಿದು ಬಂದು ನೀರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬೇಕು. ಊರು ಕೆರೆಯಿಂದ ದೂರವಿತ್ತು. ಆದ್ದರಿಂದ ನೀರುಗಂಟಿ ಏರಿಯ ಮೇಲೆ ನಿಂತು ತಮಟೆ ಬಡಿಯುತ್ತಿದ್ದ. ತಮಟೆ ಕೇಳಿದವರೆಲ್ಲ, ಉಣ್ಣುತ್ತಿದ್ದವನು ಕೈ ತೊಳೆದು, ಮಲಗಿದ್ದವನು ಕಣ್ಣುಜ್ಜಿಕೊಂಡು, ಏರಿಗೆ ಓಡಬೇಕು. ಅಲ್ಲಿಗೆ ಹೋದ ಮೇಲೆಯೇ ಸರದಿ ಯಾರದೆಂದು ತಿಳಿಯುವುದು. ಒಬ್ಬ ಗುದ್ದಲಿ ಹಿಡಿದು ಹೊಲಕ್ಕೆ ಇಳಿಯುತ್ತಿದ್ದ. ಮಿಕ್ಕ ಎಂಬತ್ತು ಮಂದಿ ನೀರುಗಂಟಿಯ ಏಳು ತಲೆಮಾರನ್ನು ಬೈದುಕೊಂಡು ಮನೆಗೆ ಹಿಂದಿರುಗುತ್ತಿದ್ದರು. ಈ ಬೈಗಳ ತಪ್ಪಿಸುವ ದಾರಿಯೊಂದನ್ನು ನೀರುಗಂಟಿ ಕಂಡುಕೊಂಡಿದ್ದ.

ಅವನಿಗೆ ಓದು ಬರಹ ಬಾರದು. ಪೇಟೆಯ ಒಬ್ಬ ಅರ್ಜಿ ಬರೆಯುವವನ ಹತ್ತಿರ ಬರೆಸಿದ್ದ. ಆ ಮಹಾಶಯ ಹೊಲ ಅಂಗೈಯಗಲ ಇದ್ದರೂ ಬೇಲಿಯನ್ನು ಊರಗಲ ಹಾಕುವವನು. ಅರ್ಜಿಯ ಮೊದಲ ಸಾಲು ಹೀಗಿತ್ತು: 'ಕರೆಯುವುದಕ್ಕೆ ಮೊದಲು, ಯಾರು ಏಳಬೇಕು ಯಾರು ಏಳಬೇಕಾಗಿಲ್ಲ ಎಂದು ತಿಳಿಯುವಂತೆ, ವಿಶ್ರಾಂತಿಯಲ್ಲಿರುವವರಿಗೆ ಸದ್ದಿನ ಮೂಲಕ ಸೂಚನೆ ಕೊಡುವ ಸಮಸ್ತ ವಿಧಾನಗಳೂ ಅರ್ಜಿದಾರನವೇ.' ಅದರ ಕೆಳಗೆ ಇನ್ನೂ ಹನ್ನೊಂದು ಸಾಲುಗಳಿದ್ದವು. ಪರೀಕ್ಷಕ ಅವನ್ನು ಓದಲಿಲ್ಲ. ಬುಡ ಕಡಿದರೆ ಕೊಂಬೆ ತಾನಾಗಿಯೇ ಬೀಳುತ್ತದೆ, ಹತ್ತಿ ನೋಡುವುದೇಕೆ ಎಂದುಕೊಂಡ.

ಬುಡ ಕಡಿಯಲು ಹೊರಟ. ಅರಮನೆಯ ಓಲೆಗರಿಗಳನ್ನು ತೆಗೆಸಿದ. ಮಠಗಳ ಕಡತಗಳನ್ನು ತರಿಸಿದ. ಯುದ್ಧದ ಕಹಳೆ ಸಿಕ್ಕಿತು, ಅದು ಎಲ್ಲರನ್ನೂ ಎಬ್ಬಿಸುತ್ತದೆ. ಗುಡಿಯ ಗಂಟೆ ಸಿಕ್ಕಿತು, ಅದು ಹೊತ್ತು ಹೇಳುತ್ತದೆಯೇ ಹೊರತು ಯಾರು ಬರಬೇಕೆಂದು ಹೇಳುವುದಿಲ್ಲ. ಒಂದು ತಿಂಗಳು ಕಳೆಯಿತು. ಹೊಸದು ಎನ್ನಲು ಧೈರ್ಯವಿಲ್ಲ, ಹಳೆಯದು ಎನ್ನಲು ಆಧಾರವಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಅವನದಾಯಿತು. ಹಬ್ಬದೊಳಗೆ ತೀರ್ಮಾನ ಹೇಳಬೇಕೆಂದು ಅರಸನ ಅಪ್ಪಣೆಯೂ ಬಂತು. ಮುದುಕಿಯ ಮುಖ ಅವನ ಕಣ್ಣ ಮುಂದೆ ಬಂದು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಊಟಕ್ಕೆಂದು ಮನೆಗೆ ಬಂದ. ಆ ನಾಡಿನಲ್ಲಿ ಹಿರಿಯ ಗಂಡಸರು ಮನೆಯೊಳಕ್ಕೆ ದಿಢೀರನೆ ನುಗ್ಗುವುದಿಲ್ಲ. ಒಳಗಿನ ಹೆಂಗಸರಿಗೆ ತಿಳಿಯಲೆಂದು ಹೊಸಿಲಿನ ಹೊರಗೆ ನಿಂತು ಕೆಮ್ಮುತ್ತಾರೆ. ಪರೀಕ್ಷಕನೂ ಕೆಮ್ಮಿದ. ಬಿಸಿಲಿಗೆ ಗಂಟಲು ಒಣಗಿದ್ದರಿಂದ ಅದರ ಹಿಂದೆಯೇ ಇನ್ನೊಂದು ಕೆಮ್ಮು ಬಂತು. ಒಳಗೆ ಹೋಗಿ ನೋಡಿದರೆ ಊಟಕ್ಕೆ ಎರಡು ಎಲೆ ಹಾಕಿದೆ. ಆ ಹೊತ್ತಿನಲ್ಲಿ ಮಲಗಿರಬೇಕಾದ ಹೆಂಡತಿ ನಿದ್ದೆಗಣ್ಣಿನಲ್ಲೇ ಹಪ್ಪಳ ಕರಿಯುತ್ತಿದ್ದಾಳೆ.

"ಎರಡನೇ ಎಲೆ ಯಾರಿಗಮ್ಮ?" ಎಂದು ಸೊಸೆಯನ್ನು ಕೇಳಿದ.

"ನೀವೇ ಎರಡು ಸಲ ಕೆಮ್ಮಿದಿರಲ್ಲ ಮಾವ! ಒಂದು ಕೆಮ್ಮಾದರೆ ನೀವೊಬ್ಬರೇ ಅಂತ ನಾನೊಬ್ಬಳೇ ಏಳ್ತೀನಿ, ಅತ್ತೆ ಮಲಗಿರ್ತಾರೆ. ಎರಡಾದರೆ ಜೊತೆಗೆ ಯಾರನ್ನೋ ಕರ್ಕೊಂಡು ಬಂದಿದ್ದೀರಿ ಅಂತ ಅತ್ತೇನೂ ಏಳ್ತಾರೆ. ನಾನು ಈ ಮನೆಗೆ ಬಂದಾಗಿನಿಂದ ಹೀಗೇ ಅಲ್ವಾ?"

ಪರೀಕ್ಷಕ ನಿಂತಲ್ಲೇ ಕೂತುಬಿಟ್ಟ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ತಿಂಗಳಿಡೀ ಓಲೆಗರಿಗಳಲ್ಲಿ ಅರಸಿದ್ದು ಅವನ ಗಂಟಲಿನಲ್ಲಿಯೇ ಇತ್ತು. ಅವನ ಅಪ್ಪನೂ ಹೀಗೆಯೇ ಕೆಮ್ಮುತ್ತಿದ್ದ, ಅಜ್ಜನೂ ಕೆಮ್ಮುತ್ತಿದ್ದ. ಮೊದಲ ಸಾಲಿಗೆ ಸನ್ನದು ಕೊಡಿಸಿದ್ದರೆ ರಾಜ್ಯದ ಮಾವಂದಿರೆಲ್ಲ ತಮ್ಮ ತಮ್ಮ ಮನೆಗೆ ಬರುವಾಗ ಕೆಮ್ಮಲು ನೀರುಗಂಟಿಯ ಅಪ್ಪಣೆ ಕೇಳಬೇಕಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ನೆನೆದು ಅವನು ಬೆವರಿದ. ಆಮೇಲೆ, ಪಾರಾದೆನಲ್ಲ ಎಂಬ ಸಂತೋಷಕ್ಕೆ ಎರಡು ಎಲೆಯ ಊಟವನ್ನೂ ತಾನೇ ಮಾಡಿದ.

ಮರುದಿನ ನೀರುಗಂಟಿಯನ್ನು ಕರೆಸಿದ. ಕೈ ಮುಗಿದು ನಿಂತವನನ್ನು ನೋಡಿದಾಗ ಪರೀಕ್ಷಕನಿಗೆ ನಿನ್ನೆಯ ಸಂತೋಷ ಇರಲಿಲ್ಲ. ನೀರುಗಂಟಿ ಬಿಸಿಲಲ್ಲಿ ಎರಡು ಹರದಾರಿ ನಡೆದು ಬಂದಿದ್ದ. ಇವನು ಅಳುತ್ತಾನೆ, ಕಾಲು ಹಿಡಿಯುತ್ತಾನೆ ಎಂದು ಪರೀಕ್ಷಕ ಎದೆ ಗಟ್ಟಿಮಾಡಿಕೊಂಡು, ನಿನ್ನ ಉಪಾಯ ಹಳೆಯದಪ್ಪ ಎಂದ. ಕೆಮ್ಮಿನ ಸಂಗತಿಯನ್ನೂ ಹೇಳಿದ.

ನೀರುಗಂಟಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟ.

"ಅಬ್ಬಾ, ಬದುಕಿಕೊಂಡೆ ಬುದ್ಧಿ! ಆ ಅರ್ಜಿಯೋನು ಏನು ಬರೆದವ್ನೆ ಅಂತ ಮೊನ್ನೆ ಒಬ್ಬರ ಕೈಲಿ ಓದಿಸಿ ಕೇಳಿದೆ. ಅವತ್ತಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ. ಊರೋರ ಸದ್ದೆಲ್ಲ ನಂದೇ ಅಂತ ಹೇಳ್ಕೊಂಡು ಊರಲ್ಲಿ ತಲೆ ಎತ್ತಿ ತಿರುಗಕ್ಕಾಯ್ತದಾ? ಕೆಮ್ಮು ನಿಮ್ಮದೇ ಇರಲಿ ಬುದ್ಧಿ, ದೇವರು ಒಳ್ಳೇದು ಮಾಡ್ಲಿ. ನಂದು ಕೆಳಗಡೆ ಎಲ್ಲೋ ಒಂದು ಸಾಲು ಐತಲ್ಲ, ಅದು ಹೆಂಗದೆ?"

ಪರೀಕ್ಷಕನಿಗೆ ನಾಚಿಕೆಯಾಯಿತು. ಓದಿಲ್ಲ ಎಂದು ಹೇಳಲಾಗಲಿಲ್ಲ. ಅದನ್ನು ನಿನ್ನ ಬಾಯಿಂದಲೇ ಕೇಳಬೇಕು, ಹೇಳು ಎಂದ.

"ಮೊದಲನೇ ವರ್ಷ ಕಾಲುವೆ ನೋಡ್ಕೊಂಡು ತಮಟೆ ಬಡಿದೆ. ಈ ಕಾಲುವೆಯೋರಿಗೆ ಒಂದೇಟು, ಆ ಕಾಲುವೆಯೋರಿಗೆ ಎರಡೇಟು. ಬೈಗಳ ಅರ್ಧ ನಿಂತವು, ಅರ್ಧ ನಿಲ್ಲಲಿಲ್ಲ. ಯಾಕಪ್ಪಾ ಅಂತ ಏರಿ ಮೇಲೆ ಕೂತು ಯೋಚನೆ ಮಾಡ್ದೆ. ಒಂದೇ ಕಾಲುವೇಲಿ ಭತ್ತದೋನೂ ಅವ್ನೆ, ತೆಂಗಿನೋನೂ ಅವ್ನೆ. ಭತ್ತಕ್ಕೆ ದಿನಾ ನೀರು. ತೆಂಗಿಗೆ ಹದಿನೈದು ದಿನಕ್ಕೊಂದು ಸಲ. ಭತ್ತದೋನ ದಾಹಕ್ಕೆ ತೆಂಗಿನೋನ ನಿದ್ದೆ ದಿನಾ ಹಾಳಾಗ್ತಿತ್ತು. ಅದಕ್ಕೇ ಕಾಲುವೆ ಬಿಟ್ಟು ದಾಹ ನೋಡಿ ಗುಂಪು ಮಾಡ್ದೆ ಬುದ್ಧಿ. ದಿನಾ ಬೇಕಾದೋರೆಲ್ಲ ಒಂದೇಟಿಗೆ, ಅಪರೂಪಕ್ಕೆ ಬೇಕಾದೋರೆಲ್ಲ ಮೂರೇಟಿಗೆ. ಈಗ ತೆಂಗಿನೋರು ಏಟು ಎಣಿಸಿಬಿಟ್ಟು ಮಗ್ಗುಲು ಬದಲಾಯಿಸ್ತಾರೆ. ಬೈಯೋದೇ ಮರೆತವ್ರೆ."

ಅವನು ಹೋದ ಮೇಲೆ ಪರೀಕ್ಷಕ ಅರ್ಜಿಯನ್ನು ತೆರೆದ. ಹನ್ನೊಂದು ಸಾಲುಗಳನ್ನೂ ಓದಿದ. ಒಂಬತ್ತನೆಯ ಸಾಲಿನಲ್ಲಿ ಅದು ಇತ್ತು. ಅರ್ಜಿ ಬರೆದವನು ಚಿನ್ನವನ್ನು ಮೂಟೆಯ ತಳಕ್ಕೆ ಹಾಕಿ ಮೇಲೆ ಹೊಟ್ಟು ತುಂಬಿದ್ದ. ಹೊಟ್ಟನ್ನು ಹಿಡಿದು ನೋಡಿ ಮೂಟೆಯನ್ನೇ ಎಸೆಯಲು ಪರೀಕ್ಷಕ ಹೊರಟಿದ್ದ. ಯಾರೂ ನಗುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅದನ್ನು ಯೋಚಿಸಿ ಅವನಿಗೆ ಮುದುಕಿಯ ದಿನಕ್ಕಿಂತ ಹೆಚ್ಚು ಭಯವಾಯಿತು.

ಅವನು ಮತ್ತೆ ಹುಡುಕಿದ. ಈ ಸಲ ಆ ಒಂದು ಸಾಲನ್ನು ಹಿಡಿದು ಹುಡುಕಿದ. ಓಲೆಗರಿಗಳನ್ನು ನೋಡಿದ್ದಲ್ಲದೆ ಸುತ್ತಲಿನ ಹತ್ತು ಕೆರೆಗಳ ಏರಿಗೆ ನಡೆದು ಹೋಗಿ ಅಲ್ಲಿಯ ನೀರುಗಂಟಿಗಳನ್ನು ಕೇಳಿದ. ಎಲ್ಲರೂ ಬೈಸಿಕೊಳ್ಳುತ್ತಲೇ ಇದ್ದರು. ದಾಹ ನೋಡಿ ಗುಂಪು ಮಾಡುವುದು ಒಬ್ಬರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಸೊಸೆಯನ್ನೂ ಕೇಳಿದ. ಅವಳು ನಕ್ಕು, ಕೆಮ್ಮಿನಲ್ಲಿ ಅಷ್ಟೆಲ್ಲ ಇಲ್ಲ ಮಾವ ಎಂದಳು.

ಹಬ್ಬಕ್ಕೆ ಎರಡು ದಿನ ಮುಂಚೆ ಅವನು ಬರೆದ: 'ಕರೆಗೆ ಮೊದಲು ಸದ್ದು ಮಾಡುವುದು ಎಲ್ಲರದು. ಸದ್ದನ್ನು ಎಣಿಸುವುದೂ ಎಲ್ಲರದು. ಎಷ್ಟು ಸಲ ಕರೆ ಬರುತ್ತದೆ ಎಂದು ನೋಡಿ ಜನರನ್ನು ಗುಂಪು ಮಾಡಿ, ಗುಂಪಿಗೊಂದು ಸದ್ದು ಕೊಡುವುದು ಈ ನೀರುಗಂಟಿಯದು. ಇಷ್ಟಕ್ಕೆ ಸನ್ನದು ಕೊಡಿ.' ಅಂದು 'ಕೊಡಿ' ಎಂದು ಬರೆದೂ ಅವನಿಗೆ ಊಟ ಸೇರಿತು.

ಸಭೆಯಲ್ಲಿ ಸನ್ನದನ್ನು ಓದಿದಾಗ ಇಬ್ಬರು ಎದ್ದು ನಿಂತರು. ಒಬ್ಬ ಕೆಮ್ಮಿನ ಮಾತು ತೆಗೆದ. ಇನ್ನೊಬ್ಬ ತನ್ನೂರಿನ ಡೊಳ್ಳಿನ ಏಟಿನ ಮಾತು ತೆಗೆದ. ಅವೆರಡೂ ಎಲ್ಲರವೆಂದು ಸನ್ನದಿನಲ್ಲೇ ಬರೆದಿತ್ತು. ಇಬ್ಬರೂ ಕೂತರು. ನೀರುಗಂಟಿಯ ಬೇಲಿ ಚಿಕ್ಕದಾಗಿತ್ತು, ಆದರೆ ಯಾರಿಂದಲೂ ಕೀಳಲಾಗಲಿಲ್ಲ. ಅವನು ಸನ್ನದನ್ನು ಕಣ್ಣಿಗೊತ್ತಿಕೊಂಡು ಊರಿಗೆ ಹೋದ. ಪರೀಕ್ಷಕನ ಎದೆಯ ಮೇಲಿಂದ ವರ್ಷಗಳ ಭಾರ ಇಳಿಯಿತು.

ಕತೆ ಮುಗಿಯಿತು. ಮಂದಾಕಿನಿಗೂ ಹಗುರೆನಿಸಿತು.

"ಹಾಗಾದರೆ ನಾನು ತಪ್ಪು ಮಾಡಿಲ್ಲ ಮೇಷ್ಟ್ರೇ. ಮೊದಲ ಸಾಲಿನ ಸೂಚನೆ ಅವನದಲ್ಲ. ಮೂರು ವಾರ ಹುಡುಕಿ ಅದನ್ನು ತೋರಿಸಿದ್ದೇನೆ" ಎಂದಳು.

"ಅವನದಲ್ಲದ್ದನ್ನು ಮೂರು ವಾರ ಹುಡುಕಿದೆ ಮಗು, ಅವನದನ್ನು ಎಷ್ಟು ಹೊತ್ತು ಹುಡುಕಿದೆ?" ಎಂದರು ಗುರುಶಾಂತಯ್ಯ.

ಮಂದಾಕಿನಿ ವರದಿಯನ್ನು ಪಕ್ಕಕ್ಕಿಟ್ಟು, ಅರ್ಜಿಯನ್ನು ಎರಡನೆಯ ಸಾಲಿನಿಂದ ಓದತೊಡಗಿದಳು.