ಅಂಗೈಯಷ್ಟು ಬಿಸಿ

ಸಣ್ಣ ಮಂತ್ರ ಅಂತ ಹಲ್ಲು ಕಿಸೀಬೇಡಿ. ಸಣ್ಣ ಮಂತ್ರ ಏನೇನು ಮಾಡುತ್ತೆ ಅಂತ ನನ್ನಷ್ಟು ಕಂಡೋನು ಈ ಸೀಮೇಲಿ ಇನ್ನೊಬ್ಬ ಇದ್ರೆ ಕರ್ಕೊಂಡು ಬನ್ನಿ, ಮೀಸೆ ಬೋಳಿಸಿಕೊಳ್ತೀನಿ!

ನಿಂಗಾಜಮ್ಮನಿಗೆ ಒಬ್ಬನೇ ಮಗ, ಮಾಯಿಗ. ಪೆದ್ದ ಅಂದ್ರೆ ಪೆದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅವರ ಮನೇಲಿದ್ದ ಆಸ್ತಿ ಒಂದು ಹ್ಯಾಟೆ ಕೋಳಿ, ಅದು ಕಾವು ಕೂತ ಒಂದು ಬುಟ್ಟಿ ಮೊಟ್ಟೆ. ಮರಿ ಎದ್ದರೆ ಗಂಜಿ, ಏಳದಿದ್ದರೆ ತಣ್ಣೀರು. ಮಗ ಏನಾದ್ರೂ ಕಲೀಲಿ ಅಂತ ಗುಡ್ಡದ ಮಂತ್ರವಾದಿ ಹತ್ರ ಬಿಟ್ಟಿದ್ದಳು. ಅಲ್ಲಿ ಸೌದೆ ಹೊತ್ತು ಹೊತ್ತು, ಒಂದಿನ ಬಂದ.

"ಏನು ಕಲಿತ್ಯೋ?"

"ಅಂಗೈ ಇಟ್ಟು ಮಂತ್ರ ಹೇಳಿದ್ರೆ ಬೆಚ್ಚಗಾಗುತ್ತೆ ಕಣವ್ವ."

"ಸುಡುತ್ತಾ?"

"ಇಲ್ಲ."

"ಕುದಿಯುತ್ತಾ?"

"ಇಲ್ಲ. ಬೆಚ್ಚಗಾಗುತ್ತೆ."

"ಅವನ ಬಾಯಿಗೆ ಬೂದಿ ಬೀಳ! ಇದಕ್ಕಾ ನಿನ್ನ ಬೆನ್ನು ಬಾಗಿಸಿದ್ದು? ಹೋಗಲಿ, ಎಲ್ಲಿ ತಣ್ಣಗಿದೆಯೋ ಅಲ್ಲಿ ಹಾಕು. ನಾಲ್ಕು ಜನ ಭೇಷ್ ಅನ್ನಲಿ."

ಹೊರಟ. ಪಟೇಲರ ಮನೇಲಿ ಮುದುಕಪ್ಪ ಸತ್ತು ಮಲಗಿತ್ತು. ಮಾಯಿಗ ಕಾಲು ಮುಟ್ಟಿದ. ತಣ್ಣಗಿತ್ತು!

"ಏಳು ಬಿಸಿಯೇ ಏಳು, ಅಂಗೈ ಬಿಟ್ಟು ಏಳು, ಫೂ!"

ಸೊಸೆ ಕಾಲಿಗೆ ಬಿದ್ದವಳು ಚೀರಿದಳು: "ಅಯ್ಯೋ, ಮಾವ ಬೆಚ್ಚಗವ್ರೆ!" ತಮಟೆ ನಿಂತಿತು. ಮುದುಕನ ಕಂಬಳಿ, ಬೆಳ್ಳಿ ಉಡಿದಾರ ಆಗಲೇ ಹಂಚಿಕೊಂಡಿದ್ದ ಮಕ್ಕಳು ಬೆವರುತ್ತಾ ವಾಪಸ್ ತಂದಿಟ್ಟರು. ಚಟ್ಟ ಸಂಜೆವರೆಗೂ ಅಂಗಳದಲ್ಲೇ! ವಿಷಯ ತಿಳಿದ ಮೇಲೆ ಮಾಯಿಗನ ಬೆನ್ನ ಮೇಲೆ ತಮಟೆ ಬಾರಿಸಿದರು.

ಮನೆಗೆ ಬಂದರೆ ಅವ್ವ, "ಥೂ ನಿನ್ನ! ಅಳೋ ಕಡೆ ಮಂತ್ರ ಹಾಕ್ತಾರೇನೋ? ನಗೋ ಜನ ಇರೋ ಕಡೆ ಹಾಕು!"

"ಆಗಲಿ ಕಣವ್ವ."

ಮದುವೆ ಮನೇಲಿ ಎಲ್ಲರೂ ನಗ್ತಿದ್ದರು. ಮಾಯಿಗ ನುಸುಳಿ ನುಸುಳಿ ಹೋಗಿ, ಹಿಂದಿನಿಂದ ಹಸೆಮಣೆ ಮೇಲೆ ಅಂಗೈ ಇಟ್ಟ.

"ಏಳು ಬಿಸಿಯೇ ಏಳು, ಅಂಗೈ ಬಿಟ್ಟು ಏಳು, ಫೂ!"

ತಾಳಿ ಹಿಡಿದು ಬಗ್ಗಿದ್ದ ಮದುಮಗ ಥಟ್ಟನೆ ಎದ್ದ. ಕೂರೋ ಜಾಗ ಬೆಚ್ಚಗೆ! ಮದುಮಗ ಪಂಚೆ ನೋಡಿಕೊಂಡ. ಮದುಮಗಳು ಮೂಗು ಮುಚ್ಚಿಕೊಂಡಳು. "ಇಂಥವನಿಗಾ ನನ್ನ ಕೊಡೋದು?" ಅಂದಳು. ಸುಳ್ಳಲ್ಲ, ಆ ಹಸೆಮಣೆ ನಾನೇ ಮುಟ್ಟಿ ನೋಡಿದ್ದೀನಿ. ಅದರ ಮೇಲೆ ರೊಟ್ಟಿ ಇಟ್ಟಿದ್ರೆ ಉಬ್ಬುತ್ತಿತ್ತು!

ಮಾಯಿಗನ ಕಿತಾಪತಿ ಅಂತ ತಿಳಿದ ಮೇಲೆ ತಾಳಿಯೇನೋ ಬಿತ್ತು, ಆದ್ರೆ ಗಂಡಿನ ಕಡೆಯೋರು ಬಿಡ್ತಾರಾ? ನಿಂಗಾಜಮ್ಮನ ಮನೆಗೆ ನುಗ್ಗಿ, "ನಮ್ಮ ಮಾನಕ್ಕೆ ಇದು ದಂಡ!" ಅಂತ ಕಾವು ಕೂತ ಹ್ಯಾಟೇನ ರೆಕ್ಕೆ ಹಿಡಿದು ಹೊತ್ತೊಯ್ದರು. ಬೀಗರೂಟಕ್ಕೆ ಸಾರಾಯ್ತು.

"ಹಾಳಾಗಿ ಹೋದ್ಯಲ್ಲೋ! ಕೇಳದೆ ಯಾಕೋ ಮಂತ್ರ ಹಾಕ್ತೀಯ? ಮೊದಲು ಕೇಳು! 'ಹೂಂ' ಅಂದ ಮೇಲೆ ಹಾಕು!"

"ಆಗಲಿ ಕಣವ್ವ."

ಬುಟ್ಟೀಲಿ ಮೊಟ್ಟೆ ಆರ್ತಾ ಇದ್ದವು. ಅವಳಿಗೆ ಆಗ ಹೊಳೀತು ನೋಡಿ! ಮೊಟ್ಟೆಗೆ ಸುಡೋ ಬಿಸಿ ಬೇಡ, ಕುದಿಯೋ ಬಿಸಿ ಬೇಡ. ಬೇಕಾದ್ದು ಅಂಗೈಯಷ್ಟು ಬಿಸಿ!

"ಮಾಯಿಗಾ, ನಿನ್ನ ಮಂತ್ರ ಹುಟ್ಟಿದ್ದೇ ಇದಕ್ಕೆ! ಅಕ್ಕನ ಮನೆಯಿಂದ ಕಾವು ಕೂರೋ ಕೋಳಿ ಬೇಡಿ ತರ್ತೀನಿ. ಅಲ್ಲೀವರೆಗೆ ಇವನ್ನ ಬೆಚ್ಚಗಿಡು, ನನ್ನಪ್ಪಾ!"

ಅವಳು ಓಡಿದಳು. ಮಾಯಿಗ ಬುಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತ.

"ಮೊಟ್ಟೆಗಳಾ, ಬೆಚ್ಚಗೆ ಮಾಡ್ಲಾ?"

ಮಾತಿಲ್ಲ.

"ಮಾಡ್ಲಾ, ಬೇಡ್ವಾ?"

ಮಾತಿಲ್ಲ.

"ಏನು ಕೊಬ್ಬು ನಿಮಗೆ! ಅನ್ರೋ ಹೂಂ ಅಂತ!"

ಊಹೂಂ. ಕೇಳಿ ಕೇಳಿ ಗಂಟಲು ಒಣಗಿ, ನೀರು ಕುಡಿಯೋಕೆ ಹಿತ್ತಲಿಗೆ ಹೋದ. ತಿರುಗಿ ಬರ್ತಾನೆ, ಬುಟ್ಟಿ ಖಾಲಿ! ಪಕ್ಕದಲ್ಲೇ ಒಂದು ನಾಗರಹಾವು ಬಿದ್ದುಕೊಂಡಿದೆ. ಮಾರುದ್ದ ಮೈ, ಮೈ ತುಂಬ ಉಬ್ಬು ಉಬ್ಬು.

"ಓಹೋ! ಚಳಿ ಅಂತ ಚೀಲದೊಳಕ್ಕೆ ಸೇರಿಕೊಂಡ್ರಾ?" ಮುಟ್ಟಿ ನೋಡಿದ. ತಣ್ಣಗಿತ್ತು. "ಈಗಲಾದ್ರೂ ಹೇಳಿ, ಬೆಚ್ಚಗೆ ಮಾಡ್ಲಾ?"

ಹಾವು ಹೆಡೆ ಎತ್ತಿತು. ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿತು.

"ಹಾಂ, ಹಾಗೆ ಬನ್ನಿ ದಾರಿಗೆ! ಏಳು ಬಿಸಿಯೇ ಏಳು, ಅಂಗೈ ಬಿಟ್ಟು ಏಳು, ಫೂ!"

ಹೊಟ್ಟೆ ತುಂಬಿದ ಹಾವು ಬೆಚ್ಚಗಾಗಿ ಸುಖವಾಗಿ ಸುರುಳಿ ಸುತ್ತಿತು. ಅಷ್ಟರಲ್ಲಿ ನಿಂಗಾಜಮ್ಮ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ನೋಡಿದಳು. ಕಿರುಚಿದಳು. ಆ ಕಿರುಚಾಟಕ್ಕೆ ಹೊಲದಲ್ಲಿದ್ದ ನನ್ನ ರುಮಾಲು ಹಾರಿಹೋಯ್ತು!

ಮಾಯಿಗನಿಗೆ ರೇಗಿಹೋಯ್ತು. "ಯಾಕವ್ವ ಕಿರುಚ್ತೀಯ? ಕೇಳೇ ಹಾಕಿದ್ದೀನಿ, ತಲೆ ಆಡಿಸಿದ ಮೇಲೇ ಹಾಕಿದ್ದೀನಿ! ಒಂದು ಮೊಟ್ಟೆ ಒಡೆದಿಲ್ಲ, ಎಲ್ಲ ಸಾಲಾಗಿ ಅವೆ! ಎಷ್ಟು ಮಾಡಿದ್ರೂ ಬೈಗುಳವೇ ನಂಗೆ. ಕೊಡಿಲ್ಲಿ ಆ ಕೋಳೀನ, ಇದರ ಮೇಲೆ ಕೂರಿಸ್ತೀನಿ!"