ಎಂಬತ್ತು ಮಕ್ಕಳ ಜ್ವರ

"ಕೇಳ್ರಪ್ಪೋ ಕೇಳಿ. ಕಣಿವೆದುರ್ಗದ ದೊರೆ ಸಿಡಿಲಪ್ಪ ನಾಯಕರ ಅಪ್ಪಣೆ. ಊರಿನ ಶಾಲೆಯ ವಿಷಯವಾಗಿ ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಶಾಲೆ ಮುಚ್ಚಿ ಅಲ್ಲಿ ಆನೆ ಕಟ್ಟುತ್ತಾರೆ."

ಡಂಗುರ ಕೇಳಿ ದುರುಗಿಯ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಬೀಸುಕಲ್ಲು ಕುಟ್ಟುವವರ ಕೇರಿಯ ಹುಡುಗಿ, ಇಪ್ಪತ್ತರ ಪ್ರಾಯ. ಅದೇ ಶಾಲೆಯ ಏಳನೇ ಕ್ಲಾಸಿನಲ್ಲಿ ಮೂರು ಸಲ ಫೇಲಾದವಳು. ನಾಲ್ಕನೇ ವರ್ಷ ಹೆಡ್ಮೇಷ್ಟ್ರು ಪಂಚಾಕ್ಷರಿ, "ಹೇಗೂ ದಿನಾ ಬರ್ತೀಯ, ಗಂಟೇನಾದ್ರೂ ಹೊಡಿ" ಅಂದಿದ್ದರು. ಅಂದಿನಿಂದ ಅವಳು ಗಂಟೆಯ ದುರುಗಿ.

ಮೊದಲು ಹೋದವನು ಆಸ್ಥಾನದ ಪಂಡಿತ. ದೊರೆ ಕೇಳಿದರು: "ಶಾಲೆಯಲ್ಲಿ ಒಂದು ವಸ್ತುವಿದೆ. ಲೆಕ್ಕದಲ್ಲಿ ಬಂದರೆ ಏಟು, ಕನ್ನಡದಲ್ಲಿ ಬಾರದಿದ್ದರೆ ಏಟು. ಏನದು?"

"ನಿದ್ದೆ, ಪ್ರಭು."

"ಕನ್ನಡದಲ್ಲಿ ನಿದ್ದೆ ಬಾರದಿದ್ದರೆ ಏಟು ಯಾಕಯ್ಯಾ?"

"ಮೇಷ್ಟ್ರು ಮಲಗಿದಾಗ ಎಚ್ಚರವಾಗಿರೋ ಮಗು ಗಲಾಟೆ ಮಾಡುತ್ತಲ್ಲ, ಪ್ರಭು."

ಎರಡನೆಯವನು ದಿವಾನರ ಅಳಿಯ. ಮೊದಲನೇ ಪ್ರಶ್ನೆ ಕಷ್ಟ, ಎರಡನೆಯದರಿಂದ ಶುರು ಮಾಡೋಣ ಅಂದ. ಆಗಲಿ ಅಂದು ದೊರೆ ಕೇಳಿದರು: "ನನ್ನ ಶಾಲೆಯಲ್ಲಿ ಒಂದು ಜಾತಿಯಿದೆ. ಎಲ್ಲಕ್ಕಿಂತ ದೊಡ್ಡದು. ಆದರೆ ಅದರಲ್ಲಿ ಯಾರೂ ಹುಟ್ಟುವುದಿಲ್ಲ, ಅದಕ್ಕೆ ಮನೆದೇವರಿಲ್ಲ, ಅದರ ಹೆಸರು ಹೇಳಿ ಯಾರೂ ಹೆಣ್ಣು ಕೊಟ್ಟು ತರುವುದಿಲ್ಲ. ಯಾವ ಜಾತಿ?"

"ಮನುಷ್ಯಜಾತಿ" ಅಂದು ಅಳಿಯ ಚಪ್ಪಾಳೆಗಾಗಿ ಸುತ್ತ ನೋಡಿದ.

"ಮನುಷ್ಯಜಾತಿಗೆ ನನ್ನ ಶಾಲೆಯ ದಾಖಲೆಯಲ್ಲಿ ಜಾಗವೇ ಇಲ್ಲವಲ್ಲಪ್ಪಾ" ಅಂದರು ದೊರೆ.

ಇಬ್ಬರ ತಲೆಯೂ ಹೋಯಿತು ಅನ್ನುತ್ತಾರೆ. ರುಮಾಲು ಮಾತ್ರ ಹೋಯಿತು ಅನ್ನುವವರೂ ಇದ್ದಾರೆ. ಕೇಳುವವರಿಗೆ ಯಾವುದು ರುಚಿಯೋ ಅದನ್ನೇ ಇಟ್ಟುಕೊಳ್ಳಬಹುದು. ದುರುಗಿ ಮಾತ್ರ ತಲೆಯೇ ಅಂತ ನಂಬಿದ್ದಳು. ನಂಬಿಯೂ ಅಮಾವಾಸ್ಯೆಯ ಹಿಂದಿನ ದಿನ ಅರಮನೆಯ ಮೆಟ್ಟಿಲು ಹತ್ತಿದಳು. ಅವಳು ಮಾಡಿದ್ದ ಒಂದು ಕೆಲಸ ತಿಂಗಳಿಂದ ಅನ್ನ ಇಳಿಯಲು ಬಿಟ್ಟಿರಲಿಲ್ಲ. ಶಾಲೆಯೇ ಮುಚ್ಚಿದರೆ ಅದನ್ನು ಸರಿಮಾಡುವ ದಾರಿಯೂ ಮುಚ್ಚುತ್ತಿತ್ತು.

"ಎಷ್ಟು ಓದಿದ್ದೀಯವ್ವಾ?"

"ಏಳನೇ ಕ್ಲಾಸು, ಬುದ್ಧಿ. ಮೂರು ಸಲ."

ಸಭೆ ನಕ್ಕಿತು. ದೊರೆ ಮೊದಲನೆಯದನ್ನು ಕೇಳಿದರು.

"ಸೊನ್ನೆ, ಬುದ್ಧಿ. ಲೆಕ್ಕದಲ್ಲಿ ನನಗೆ ಬರ್ತಿದ್ದದ್ದು ಅದೇ, ಕನ್ನಡದಲ್ಲಿ ನಾನು ಬಿಡ್ತಿದ್ದದ್ದೂ ಅದೇ. ಎಮ್ಮೆ ಗುಂಡಿಗೆ ಬಿತ್ತು ಅಂತ ಮೇಷ್ಟ್ರು ಬರೆಸಿದ್ರೆ, ಎಮ್ಮೆ ಗುಡಿಗೆ ಬಿತ್ತು ಅಂತ ಬರೆದು ಏಟು ತಿಂದಿದ್ದೆ."

ಈ ಸಲ ದೊರೆಯೂ ನಕ್ಕರು. ಎರಡನೆಯದನ್ನು ಕೇಳಿದರು.

"ಇತರೆ" ಅಂದಳು ದುರುಗಿ. "ದಾಖಲೆ ಪುಸ್ತಕದಲ್ಲಿ ನಾಕು ಗೀಟು ಎಳೆದಿರ್ತಾರೆ. ಅರಮನೆಯವರ ಮಕ್ಕಳು ಒಂಬತ್ತು, ಅಂಗಡಿಯವರು ಹದಿಮೂರು, ಒಕ್ಕಲಿನವರು ಹದಿನೆಂಟು. ಕಲ್ಲು ಕುಟ್ಟೋರು, ಬುಟ್ಟಿ ಹೆಣೆಯೋರು, ಹಾವಾಡಿಸೋರು, ಗುಳೆ ಬಂದೋರು, ಎಲ್ಲಾ ಸೇರಿ ಇತರೆ. ಎಂಬತ್ತು. ನನ್ನ ಸೇರಿಸಿದ ದಿನ ಮೇಷ್ಟ್ರು ಅಪ್ಪನ್ನ ‘ನೀವು ಯಾವ ಜನ’ ಅಂತ ಕೇಳಿದ್ರು. ಅಪ್ಪ ಬಾಯಿ ತೆಗೆಯೋ ಮುಂಚೆನೇ ಬರ್ಕೊಂಡ್ರು."

ಯಾರೂ ನಗಲಿಲ್ಲ. ಮೂರನೆಯದನ್ನು ಕೇಳುವಾಗ ದೊರೆಯ ದನಿ ತಗ್ಗಿತು.

"ಪರೀಕ್ಷೆಯ ದಿನ ಎಂಬತ್ತು ಮಕ್ಕಳಿಗೆ ಜ್ವರ ಅಂತ ಹಾಜರಿ ಪುಸ್ತಕದಲ್ಲಿದೆ. ಮಾರನೆಯ ದಿನ ಅಷ್ಟೂ ಜನಕ್ಕೆ ವಾಸಿ. ಕೂತ ನಲವತ್ತು ಮಂದಿಯೂ ಪಾಸು. ಒಬ್ಬರೂ ಫೇಲಾಗದ ಶಾಲೆ ಅಂತ ಹೆಡ್ಮೇಷ್ಟ್ರ ಕೈಗೆ ನಾನೇ ಚಿನ್ನದ ತೋಡಾ ತೊಡಿಸಿದೆ. ಯಾವ ಜ್ವರ ಅದು? ಹಬ್ಬಿಸಿದವರು ಯಾರು?"

ಮುಂದಿನ ಸಾಲಿನಲ್ಲಿದ್ದ ಪಂಚಾಕ್ಷರಿ ಮೇಷ್ಟ್ರು ತೋಡಾವನ್ನು ಅಂಗಿಯ ತೋಳಿನೊಳಗೆ ತಳ್ಳಿಕೊಂಡರು. ಅವರತ್ತ ಬೆರಳು ತೋರಿಸಿದರೆ ದುರುಗಿಯ ಕೆಲಸ ಮುಗಿಯುತ್ತಿತ್ತು. ಆದರೆ ಅದು ಅರ್ಧ ಉತ್ತರ. ಇನ್ನರ್ಧ ಹೇಳುವುದಕ್ಕಿಂತ ತಲೆ ಕೊಡುವುದೇ ಸಲೀಸು ಅಂತ ಅವಳಿಗೆ ಒಂದು ಗಳಿಗೆ ಅನ್ನಿಸಿತು.

"ಜ್ವರ ಇರಲಿಲ್ಲ, ಬುದ್ಧಿ. ‘ಇವರೆಲ್ಲ ಕೂತರೆ ಫೇಲಾಗ್ತಾರೆ, ತೋಡಾ ತಪ್ಪುತ್ತೆ’ ಅಂದ್ರು ಮೇಷ್ಟ್ರು. ‘ನೀನು ಅವರ ಪೈಕಿಯವಳು, ನೀನು ಹೇಳಿದ್ರೆ ನಂಬ್ತಾರೆ’ ಅಂದ್ರು. ನಾನು ಕೇರಿ ಕೇರಿ ತಿರುಗಿ ನಾಳೆ ರಜೆ ಅಂತ ಹೇಳಿ ಬಂದೆ. ಹಬ್ಬಿಸಿದವಳು ನಾನೇ."

"ಯಾಕೆ ಒಪ್ಪಿಕೊಂಡೆ?"

"ಮೇಷ್ಟ್ರು ನನಗೂ ಒಂದು ಕೆಲಸ ಹೇಳಿದ್ರಲ್ಲ ಅಂತ ಖುಷಿಯಾಗಿತ್ತು."

ದೊರೆ ತಮ್ಮ ಕಾಲಬೆರಳು ನೋಡುತ್ತಾ ಕೂತರು. "ಈ ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ, ತಾಯಿ" ಅಂದರು. "ಒಬ್ಬರೂ ಫೇಲಾಗಬಾರದು ಅಂತ ಆಸೆ ಹುಟ್ಟಿಸಿದವನು ನಾನು. ನಿನ್ನ ತಲೆ ಉಳಿಯಿತು. ಕೇಳು, ಏನು ಬೇಕು? ಹೆಡ್ಮೇಷ್ಟ್ರ ಕುರ್ಚಿ ಕೊಡಲೇ, ಒಂದು ಹಳ್ಳಿ ಕೊಡಲೇ?"

"ಆ ಎಂಬತ್ತು ಮಕ್ಕಳಿಗೆ ಪರೀಕ್ಷೆ ಕೊಡಿ, ಬುದ್ಧಿ. ಹೋಗಿ ಕರೆಯೋದು ನಾನೇ ಕರೀತೀನಿ."

ಕರೆದಳು. ಪ್ರತಿ ಮನೆಯ ಮುಂದೆ ನಿಂತು, ಅವತ್ತು ರಜೆ ಇರಲಿಲ್ಲ, ಸುಳ್ಳು ಹೇಳಿದ್ದೆ ಅಂದಳು. ಹಾವಾಡಿಸುವವರ ಕೇರಿಯಲ್ಲಿ ಬಾಯಿಗೆ ಬಂದಂತೆ ಬೈದರು. ಅದನ್ನು ತಡೆದುಕೊಂಡಳು. ಬುಟ್ಟಿ ಹೆಣೆಯುವವರು ಬೈಯದೆ ಕುಡಿಯಲು ನೀರು ಕೊಟ್ಟರು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಪರೀಕ್ಷೆಯಲ್ಲಿ ಇಪ್ಪತ್ತಮೂರು ಪಾಸು, ಐವತ್ತೇಳು ಫೇಲು. ಒಂದನ್ನೂ ಮುಚ್ಚಿಡದೆ ಅಷ್ಟೂ ಹೆಸರನ್ನು ದೊರೆ ಕೋಟೆಬಾಗಿಲಿಗೆ ಅಂಟಿಸಿದರು. ಬುಟ್ಟಿಯ ಈರಮ್ಮ ದುರುಗಿಯ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದಳು.

"ನಮ್ಮ ಹುಡುಗಂದು ಯಾವುದೇ?"

ದುರುಗಿ ಬೆರಳಿಟ್ಟು ತೋರಿಸಿದಳು. "ಇದು, ಅಕ್ಕಾ."

"ಏನಂತ ಬರೆದವ್ರೆ?"

"ಫೇಲು ಅಂತ."

ಈರಮ್ಮ ಆ ಹೆಸರನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದಳು. "ಹಂಗಾದ್ರೆ ನಮ್ಮೋನೂ ಬಂದು ಕೂತಿದ್ದ ಅಂತ ಆಯ್ತು" ಅಂದಳು.

ದುರುಗಿಗೆ ಉಳಿದ ಹೆಸರುಗಳನ್ನು ತಲೆಯೆತ್ತಿ ಓದಲಾಗಲಿಲ್ಲ.